ನೋಡದೆ ಬರೆದ ಉದ್ಘಾಟನೆ

ಮೂವತ್ನಾಲ್ಕನೆಯ ವಯಸ್ಸಿಗೆ ನಿವೃತ್ತಿಯ ಮಾತಾಡಿದರೆ ಹಾಸನದಲ್ಲಿ ಜನ ನಗುತ್ತಾರೆ. ನಮ್ಮ ಬೀದಿಯ ಹಿರಿಯರೊಬ್ಬರು, "ಷಷ್ಟ್ಯಬ್ದಿ ಊಟಕ್ಕೆ ಮರೀದೆ ಕರಿ ಕಣಮ್ಮ" ಎಂದರು. ಆದರೆ ನನ್ನದು ನಿಜವಾದ ನಿವೃತ್ತಿ. ಹೊಳೆನರಸೀಪುರದಿಂದ ನಾನು ನಡೆಸುತ್ತಿದ್ದ ಸುದ್ದಿ ಬ್ಲಾಗನ್ನು ಆರಂಭಿಸಿದ ದಿನವೇ ಅದರ ಪರಿಚಯ ಪುಟದಲ್ಲಿ ಒಂದು ನಿಯಮ ಬರೆದಿದ್ದೆ: ಸಂಪಾದಕರ ಸ್ಥಾನದಲ್ಲಿ ಯಾರೂ ಆರು ವರ್ಷ ಮೀರಿ ಇರತಕ್ಕದ್ದಲ್ಲ. ಕುರ್ಚಿ ಬಿಡದವರನ್ನು ಆರು ವರ್ಷ ಪ್ರಶ್ನಿಸಿದವಳು ಏಳನೆಯ ವರ್ಷವೂ ಕುಳಿತೇ ಇದ್ದರೆ ಓದುಗರು ನನ್ನನ್ನೂ ಪ್ರಶ್ನಿಸಬೇಕಾಗುತ್ತದೆ. ಅವರು ಕೇಳುವ ಮೊದಲೇ ಎದ್ದೆ. ಬ್ಲಾಗನ್ನು ಇಬ್ಬರು ಸಹೋದ್ಯೋಗಿಗಳಿಗೆ ಒಪ್ಪಿಸಿದೆ.

ಅದಕ್ಕೂ ಮೊದಲು ಐದು ವರ್ಷ ಹಾಸನದ ಒಂದು ದಿನಪತ್ರಿಕೆಯಲ್ಲಿದ್ದೆ. ಪತ್ರಿಕೋದ್ಯಮ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ನಿಂತಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಮೊಬೈಲಿನಲ್ಲಿ ಸುದ್ದಿ ಓದುವವರು ಪತ್ರಿಕೆಯ ಜಾಲತಾಣವನ್ನು ನಂಬಬೇಕೋ, ಬ್ಲಾಗನ್ನು ನಂಬಬೇಕೋ? ಈ ಪ್ರಶ್ನೆಗೆ ಉತ್ತರಿಸುವ ಅರ್ಹತೆ ನನಗಿದೆ ಎಂದು ಧೈರ್ಯವಾಗಿ ಹೇಳಬಲ್ಲೆ. ಏಕೆಂದರೆ ನಾನು ಎರಡೂ ಕಡೆ ಸುಳ್ಳು ಸುದ್ದಿ ಪ್ರಕಟಿಸಿದ್ದೇನೆ. ಎರಡೂ ಕಡೆ ಅದನ್ನು ತಿದ್ದಿಸಿಯೂ ಇದ್ದೇನೆ.

ಪತ್ರಿಕೆಯ ಬಗ್ಗೆ ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಅದು ನ್ಯಾಯ. ನಮ್ಮ ಸುದ್ದಿ ಸಂಪಾದಕರು ಶಿವಶಂಕರಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ತೆಳುವಾದ ವಿಭೂತಿ, ಕಿವಿಯ ಹಿಂದೆ ಕೆಂಪು ಶಾಯಿಯ ಪೆನ್ನು. ವಿಶ್ವವಿದ್ಯಾಲಯದಿಂದ ಬಂಗಾರದ ಪದಕ ತಂದ ನನಗೆ ಅವರು ಮೊದಲ ದಿನ ಕೊಟ್ಟ ಪಾಠ ಒಂದೇ ವಾಕ್ಯದ್ದು: "ಎರಡು ಬಾಯಿಂದ ಕೇಳದೆ ಇದ್ದದ್ದನ್ನ ಒಂದು ಸಾಲೂ ಬರೀಬೇಡ."

ನಾನು ಸೇರಿದ ಹೊಸತರಲ್ಲಿ ಚನ್ನರಾಯಪಟ್ಟಣದ ಬಳಿ ಒಂದು ಅಪಘಾತವಾಯಿತು. ತೀರಿಕೊಂಡವರು ಆ ಊರಿನ ಹೆಸರಾಂತ ವ್ಯಾಪಾರಿಯೆಂದು ನಾಲ್ಕೈದು ಬ್ಲಾಗುಗಳು ಆಗಲೇ ಹಾರ ಹಾಕಿದ ಫೋಟೊ ಸಮೇತ ಪ್ರಕಟಿಸಿಬಿಟ್ಟಿದ್ದವು. ನಮ್ಮ ಜಾಲತಾಣ ಮಾತ್ರ ಸುಮ್ಮನಿತ್ತು. ನಾನು ಚಡಪಡಿಸುತ್ತಿದ್ದೆ. ಶಿವಶಂಕರಪ್ಪ ಫೋನನ್ನು ನನ್ನ ಕಡೆ ತಳ್ಳಿ, "ಅವರ ಮನೆಗೆ ಮಾಡು" ಎಂದರು.

"ಸತ್ತವರ ಮನೆಗೆ ಹೇಗೆ ಸರ್ ಮಾಡೋದು?"

"ಬದುಕಿರೋರ ಮನೆಗೆ ಹೇಗೆ ಮಾಡ್ತೀಯೋ ಹಾಗೆ."

ಮಾಡಿದೆ. ಗಂಡಸಿನ ದನಿ ಕೇಳಿಬಂತು. ನಾನು ತಡವರಿಸುತ್ತ, ಅಪಘಾತದ ಸುದ್ದಿ ಬಂದಿದೆ, ಯಜಮಾನರು ಹೇಗಿದ್ದಾರೆ ಎಂದು ಕೇಳಿದೆ. "ನಾನೇ ಮಾತಾಡ್ತಿರೋದು ಕಣಮ್ಮ. ಚೆನ್ನಾಗಿವ್ನಿ. ಊಟಕ್ಕೆ ಕೂತಿವ್ನಿ. ಬೆಳಗ್ಗಿಂದ ನಂಟರೆಲ್ಲ ಅಳ್ಕೊಂಡ್ ಬತ್ತಾವ್ರೆ, ಎಲ್ರಿಗೂ ಅನ್ನ ಇಕ್ಕಿ ಇಕ್ಕಿ ಸಾಕಾಗೋಯ್ತು" ಎಂದರು ಆ ಮನುಷ್ಯ. ಅಪಘಾತದಲ್ಲಿ ತೀರಿಕೊಂಡವರು ಬೇರೊಂದು ಊರಿನ, ಅದೇ ಹೆಸರಿನ ಬೇರೊಬ್ಬರು. ಮಧ್ಯಾಹ್ನದ ಹೊತ್ತಿಗೆ ಸರಿಯಾದ ಸುದ್ದಿ ನಮ್ಮಲ್ಲಿ ಮಾತ್ರ ಇತ್ತು. ಪತ್ರಿಕೆಯ ಬಲ ಇದು. ಅಲ್ಲಿ ನಿಮ್ಮ ಆತುರವನ್ನು ತಡೆಯಲು ಇನ್ನೊಬ್ಬ ಮನುಷ್ಯ ಸಂಬಳ ಪಡೆದು ಕುಳಿತಿರುತ್ತಾನೆ. ಬ್ಲಾಗಿನಲ್ಲಿ ನಿಮ್ಮ ಹೆಬ್ಬೆರಳಿಗೂ ಜಗತ್ತಿಗೂ ನಡುವೆ ಯಾರೂ ಇರುವುದಿಲ್ಲ.

ಆದರೆ ಅದೇ ಶಿವಶಂಕರಪ್ಪನವರ ಅದೇ ಮೇಜಿನಲ್ಲಿ ಇನ್ನೊಂದು ಪದ್ಧತಿಯೂ ನಡೆಯುತ್ತಿತ್ತು. ನಾವು ಅದನ್ನು ಕಾರ್ಡ್ ವರದಿ ಎನ್ನುತ್ತಿದ್ದೆವು. ಸರ್ಕಾರಿ ಸಮಾರಂಭಗಳು ಹೇಳಿದ ಹೊತ್ತಿಗೆ ಎಂದೂ ಆರಂಭವಾಗುವುದಿಲ್ಲ. ತಾಲ್ಲೂಕು ಪುಟ ಮಾತ್ರ ಹೇಳಿದ ಹೊತ್ತಿಗೆ ಮುಗಿಯಲೇಬೇಕು. ಆದ್ದರಿಂದ ಆಹ್ವಾನ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು, ನಡೆಯಬೇಕಾದ ಸಮಾರಂಭವನ್ನು ನಡೆದುಹೋಗಿದೆ ಎಂಬಂತೆ ಬರೆದಿಡುತ್ತಿದ್ದೆವು. ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಉಪಸ್ಥಿತರಿದ್ದವರು ಯಾರು, ಎಲ್ಲವೂ ಕಾರ್ಡಿನಲ್ಲೇ ಇರುತ್ತಿತ್ತು. ಇದನ್ನು ಯಾರೂ ಸುಳ್ಳೆಂದು ಕರೆಯುತ್ತಿರಲಿಲ್ಲ. ಕೆಲಸ ಹಗುರ ಮಾಡಿಕೊಳ್ಳುವುದು ಎನ್ನುತ್ತಿದ್ದರು. ಎರಡು ಬಾಯಿಯ ನಿಯಮ ಸಾವಿಗೆ, ಅಪಘಾತಕ್ಕೆ, ಗಲಭೆಗೆ. ಉದ್ಘಾಟನೆಗೆ ಒಂದು ಕಾರ್ಡು ಸಾಕಿತ್ತು.

ನನ್ನ ಮೂರನೆಯ ವರ್ಷದಲ್ಲಿ ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪಶು ಚಿಕಿತ್ಸಾಲಯದ ಉದ್ಘಾಟನೆಯಿತ್ತು. ಊರಿನ ಹೆಸರು ಬ್ಲಾಗಿನಲ್ಲಿದೆ, ಇಲ್ಲಿ ಬೇಡ. ಇಂಥ ಊರು ಅದೊಂದೇ ಅಲ್ಲ. ಆ ಭಾಗದ ನಮ್ಮ ಬಿಡಿ ವರದಿಗಾರ ರಂಗೇಗೌಡರು. ಪಟ್ಟಣದಲ್ಲಿ ತೆಂಗಿನಕಾಯಿ ಮಂಡಿ ನಡೆಸುತ್ತ, ಬಿಡುವಾದಾಗ ಸುದ್ದಿ ಕಳಿಸುವವರು. ಅಂದು ಮೊಬೈಲಿಗೆ ಕಾರ್ಡಿನ ಫೋಟೊ ಕಳಿಸಿ ಫೋನು ಮಾಡಿದರು.

"ಲೋಡ್ ಬಂದೈತೆ ಕಣಮ್ಮ, ಮಂಡಿ ಬುಟ್ಟು ಓಗಕ್ಕಾಗಲ್ಲ. ಎಲ್ಲಾ ಕಾರ್ಡಲ್ಲೇ ಐತೆ, ಬರ್ಕೊ."

"ಭಾಷಣ ಇಲ್ಲವಲ್ಲ ಗೌಡ್ರೆ?"

"ಓದ್ ತಿಂಗ್ಳು ಸ್ಕೂಲ್ ಓಪನ್ ಮಾಡ್ದಾಗ ಏನಂದ್ರೋ ಅದ್ನೇ ಅಂತಾರೆ. ಮಕ್ಕಳು ಅಂತ ಇರೋ ಕಡೆ ದನಕರು ಅಂತ ಆಕ್ಕೊ."

ಹಾಕಿಕೊಂಡೆ. ಹೌದು, ಬಂಗಾರದ ಪದಕದ ವಿದ್ಯಾರ್ಥಿನಿ ಅಕ್ಷರಶಃ ಹಾಗೆಯೇ ಮಾಡಿದಳು. ದನಕರುಗಳೇ ನಾಡಿನ ಭವಿಷ್ಯ, ಅವುಗಳ ಏಳಿಗೆಯಲ್ಲಿ ಎಲ್ಲರ ಏಳಿಗೆ ಅಡಗಿದೆ ಎಂದು ಉದ್ಘಾಟಕರು ನುಡಿದರೆಂದು ಬರೆದೆ. ಹರ್ಷೋದ್ಗಾರದ ನಡುವೆ ಎಂಬ ಎರಡು ಪದಗಳನ್ನೂ ಸೇರಿಸಿದೆ. ಅವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಂಜೆಗೆ ಪುಟ ಮುಗಿಯಿತು. ಅದೇ ವರದಿ ಜಾಲತಾಣಕ್ಕೂ ಏರಿತು.

ಅಂದು ಉದ್ಘಾಟಿಸಬೇಕಿದ್ದ ಗಣ್ಯರು ಹಾಸನವನ್ನೇ ದಾಟಿರಲಿಲ್ಲ. ಅವರ ಪಕ್ಷದ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಬಂದು ಕಾರು ಹಿಂದಿರುಗಿತ್ತು. ಮಾರನೆಯ ಬೆಳಿಗ್ಗೆ ರಂಗೇಗೌಡರು ಕಚೇರಿಗೆ ಫೋನು ಮಾಡಿ ಇದನ್ನು ತಿಳಿಸಿದರು. ಅಷ್ಟು ಪ್ರಾಮಾಣಿಕತೆ ಆ ಮನುಷ್ಯನಲ್ಲಿತ್ತು. ನಾನು ಗಾಬರಿಯಿಂದ ಶಿವಶಂಕರಪ್ಪನವರ ಮುಖ ನೋಡಿದೆ. ಅವರು ಪೆನ್ನು ತೆಗೆಯಲೂ ಇಲ್ಲ. "ಮುಂದಿನ ವಾರ ಇಟ್ಕೋತಾರೆ ಬಿಡು. ಆಗ ನಮ್ಮ ಸುದ್ದಿ ತಾನಾಗೇ ನಿಜ ಆಗುತ್ತೆ" ಎಂದರು. ಆ ಮುಂದಿನ ವಾರ ಬಂತೋ ಇಲ್ಲವೋ ಎಂದು ನಾನೂ ವಿಚಾರಿಸಲಿಲ್ಲ. ಕಾರ್ಡುಗಳು ದಿನಕ್ಕೆ ನಾಲ್ಕು ಬರುತ್ತಿದ್ದವು.

ಪತ್ರಿಕೆ ಬಿಟ್ಟದ್ದು ಇದಕ್ಕಾಗಿ ಅಲ್ಲ, ಹಾಗೆ ಹೇಳಿ ದೊಡ್ಡವಳಾಗುವ ಆಸೆಯಿಲ್ಲ. ಜಾಲತಾಣದಲ್ಲಿ ತಾಲ್ಲೂಕುಗಳ ಸುದ್ದಿಗೆ ಜಾಗವೇ ಇಲ್ಲವಾಯಿತು. ದೊಡ್ಡಗದ್ದವಳ್ಳಿಯ ದೇವಾಲಯದ ಮುಂದೆ ನಟಿಯೊಬ್ಬರು ನಿಂತ ಫೋಟೊ ಮೂರು ದಿನ ಮೇಲಿರುತ್ತಿತ್ತು. ಅರಕಲಗೂಡಿನ ನಾಲೆಯ ಸುದ್ದಿ ಮೂರು ಗಂಟೆಯೂ ನಿಲ್ಲುತ್ತಿರಲಿಲ್ಲ. ಜಗಳವಾಡಿ ಹೊರಬಂದು, ಹೊಳೆನರಸೀಪುರದ ಬಸ್ ನಿಲ್ದಾಣದ ಹತ್ತಿರ, ದರ್ಜಿ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ಬ್ಲಾಗ್ ಆರಂಭಿಸಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನನ್ನ ವ್ಯಾಪ್ತಿ. ಕಾರ್ಡ್ ವರದಿ ಇಲ್ಲ, ಪುಟದ ಗಡುವಿಲ್ಲ, ತಡೆಯುವ ಸಂಪಾದಕರಿಲ್ಲ. ಕೊನೆಯದು ಎಷ್ಟು ದೊಡ್ಡ ಕೊರತೆ ಎಂಬುದು ಎರಡನೆಯ ಮಳೆಗಾಲದಲ್ಲಿ ತಿಳಿಯಿತು.

ಅರಕಲಗೂಡು ಕಡೆಯ ಕೆರೆಯೊಂದರ ಏರಿ ಒಡೆದಿದೆ ಎಂದು ಒಂದು ವಿಡಿಯೊ ಬಂತು. ನೀರು ನುಗ್ಗುತ್ತಿತ್ತು, ಜನ ಕೂಗುತ್ತಿದ್ದರು. ಕೆರೆಯ ಹೆಸರು ಹಾಕಿ ಆಗಲೇ ಪ್ರಕಟಿಸಿದೆ. ಇಡೀ ಜಿಲ್ಲೆಯಲ್ಲಿ ನಾನೇ ಮೊದಲು. ಒಂದು ಗಂಟೆಯ ನಂತರ ಆ ವಿಡಿಯೊ ಬೇರೆ ಜಿಲ್ಲೆಯದೆಂದು ತಿಳಿಯಿತು. ಅಳಿಸಿದೆ. ಪುಟ ಮೊದಲಿನಂತೆ ಶುಭ್ರವಾಯಿತು. ನನ್ನ ಮನಸ್ಸೂ ಆಯಿತು.

ಮಾರನೆಯ ಬೆಳಿಗ್ಗೆ ಅರಕಲಗೂಡಿನ ಬಸ್ಸಿಳಿದು ಒಬ್ಬರು ಮೆಟ್ಟಿಲು ಹತ್ತಿ ಬಂದರು. ಕೆರೆಯ ಕೆಳಗಿನ ಊರಿನ ಶಾಲೆಯ ನಾಗರಾಜ ಮೇಷ್ಟ್ರು. ಕೊಡೆಯಿಂದ ನೀರು ಸೋರುತ್ತಿತ್ತು. ಅದನ್ನು ಬಾಗಿಲ ಬಳಿ ಒರಗಿಸಿ, ನಿಂತೇ ಮಾತಾಡಿದರು.

"ನಿನ್ನೆ ಮಧ್ಯಾಹ್ನ ನಮ್ಮೂರ ಕೆರೆ ಒಡೆದಿತ್ತು. ಸಂಜೆಗೆ ಕೂಡ್ಕೊಂಡಿತ್ತು. ಏರಿ ಕಟ್ಟಿದ್ದು ತಾವೇನಾ?"

"ತಪ್ಪಾಗಿತ್ತು ಮೇಷ್ಟ್ರೆ. ಗೊತ್ತಾದ ತಕ್ಷಣ ಅಳಿಸಿದೆ."

"ನಮ್ಮ ಮೂರನೇ ಕ್ಲಾಸಿನವರೂ ಲೆಕ್ಕ ತಪ್ಪಾದ್ರೆ ಸ್ಲೇಟು ಒರೆಸಿ, ನಾನು ಬರ್ದೇ ಇಲ್ಲ ಸಾ ಅಂತಾರೆ. ಜನ ಮಳೇಲಿ ದನ ಹೊಡ್ಕೊಂಡು, ಮುದುಕರನ್ನ ಹೊತ್ಕೊಂಡು ಸ್ಕೂಲಿಗೆ ಬಂದವ್ರೆ. ಇನ್ನೂ ಅರ್ಧ ಜನ ಅಲ್ಲೇ ಅವ್ರೆ. ಒಡೆದಿದೆ ಅಂತ ನೀವು ಹೇಳಿದ್ರಿ. ಒಡೆದಿಲ್ಲ ಅಂತ ಯಾರು ಹೇಳಬೇಕು, ನಾನಾ?"

ಅವರ ಮೊಬೈಲಿನಲ್ಲಿ ನನ್ನ ಅಳಿಸಿದ ಪುಟದ ಚಿತ್ರವಿತ್ತು. ನಾನು ಅವರಿಂದಲೇ ಅದನ್ನು ತರಿಸಿಕೊಂಡು, ತಪ್ಪು ಸುದ್ದಿಯನ್ನು ಮತ್ತೆ ಬ್ಲಾಗಿಗೆ ಏರಿಸಿ, ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗೆ ನನ್ನ ಹೆಸರು ಬರೆದೆ: ಇದು ಸುಳ್ಳು, ಪರಿಶೀಲಿಸದೆ ಹಾಕಿದವಳು ನಾನು, ಕೆರೆ ಭದ್ರವಾಗಿದೆ. ಆಮೇಲೆ ಅವರ ಜೊತೆಯಲ್ಲೇ ಬಸ್ಸಿನಲ್ಲಿ ಹೋಗಿ ಶಾಲೆಯ ಹಜಾರದಲ್ಲಿ ನಿಂತು ಅದನ್ನೇ ಬಾಯಲ್ಲಿ ಹೇಳಿದೆ. ಬೈಗುಳ ತಿಂದೆ. ಬೈದವರೇ ಕಾಫಿ ಕೊಟ್ಟರು. ಅಂದಿನಿಂದ ನಮ್ಮ ಬ್ಲಾಗಿನಲ್ಲಿ ಯಾವ ತಪ್ಪನ್ನೂ ಅಳಿಸಿಲ್ಲ. ಎಲ್ಲವೂ ಅಡ್ಡಗೆರೆಯ ಕೆಳಗೆ, ಮಾಡಿದವರ ಹೆಸರಿನೊಂದಿಗೆ, ಓದುವಂತೆ ಉಳಿದಿವೆ. ಈ ವೃತ್ತಿಯಲ್ಲಿ ನಾನು ಹೆಮ್ಮೆಪಡುವ ಪುಟವೆಂದರೆ ಅದೇ.

ಆ ಹೆಮ್ಮೆಗೆ ಪರೀಕ್ಷೆ ಬಂದದ್ದು ಮರುವರ್ಷ. ಒಂದು ಬೆಳಿಗ್ಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೋಣೆಗೆ ಬಂದು, ಸೆರಗಿನ ಕೆಳಗಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹೆಸರು ಜಯಮ್ಮ. ಎರಡು ಹಸು ಸಾಕಿ, ಊರಿನ ಡೇರಿಗೆ ಹಾಲು ಹಾಕಿ ಸಂಸಾರ ನಡೆಸುತ್ತಿದ್ದವರು. ಆ ತಿಂಗಳು ಒಂದು ಹಸು ಈಯಲಾಗದೆ, ಕರು ಹೊಟ್ಟೆಯಲ್ಲೇ ಉಳಿದು ಸತ್ತಿತ್ತು. ಪಟ್ಟಣದ ಡಾಕ್ಟರು ಇನ್ನೊಂದು ದಿಕ್ಕಿನ ಹಳ್ಳಿಗೆ ಹೋಗಿದ್ದರು. ಉಳಿದ ಹಸುವೂ ಗಬ್ಬವಾಗಿತ್ತು. ಊರಿನಲ್ಲೇ ಕಟ್ಟಡವಿದೆ, ಡಾಕ್ಟರನ್ನು ಕಳಿಸಿ ಎಂದು ಅರ್ಜಿ ಕೊಟ್ಟರೆ, ಚಿಕಿತ್ಸಾಲಯ ಆಗಲೇ ಉದ್ಘಾಟನೆಯಾಗಿ ಕಾರ್ಯ ನಿರ್ವಹಿಸುತ್ತಿದೆ ಎಂಬ ಉತ್ತರ ಬಂದಿತ್ತು. ಪುರಾವೆಯಾಗಿ ಪತ್ರಿಕೆಯ ಜಾಲತಾಣದ ಸುದ್ದಿಯೊಂದನ್ನು ಮುದ್ರಿಸಿ ಲಗತ್ತಿಸಿದ್ದರು.

"ಪೇಪರ್‌ನವ್ರಿಗೆ ಏಳುದ್ರೆ ಕೇಳಲ್ಲ. ನೀನು ಮೊಬೈಲಲ್ಲಿ ಬರೀತೀಯಂತಲ್ಲ, ಈ ಸುಳ್ಳು ಬರ್ದೋನು ಯಾವನೋ ಅವನ ಮಾನ ಕಳಿ" ಎಂದರು ಜಯಮ್ಮ.

ಹಾಳೆ ಬಿಡಿಸಿದೆ. ದನಕರುಗಳೇ ನಾಡಿನ ಭವಿಷ್ಯ. ಹರ್ಷೋದ್ಗಾರದ ನಡುವೆ.

ಓದುಗರೇ, ಆ ಕ್ಷಣ ನನ್ನಲ್ಲಿ ಹುಟ್ಟಿದ ಯೋಚನೆಯನ್ನು ಮುಚ್ಚಿಡುವುದಿಲ್ಲ. ವರದಿಯ ಕೆಳಗೆ ನನ್ನ ಹೆಸರಿರಲಿಲ್ಲ. ನಮ್ಮ ವರದಿಗಾರರಿಂದ ಎಂದಷ್ಟೇ ಇತ್ತು. ಪತ್ರಿಕೆಗಳ ಸುಳ್ಳಿನ ವಿರುದ್ಧ ಬೆಂಕಿಯಂಥ ಬರಹವೊಂದನ್ನು ಬರೆದು, ಚಪ್ಪಾಳೆ ಪಡೆದು, ಸುಮ್ಮನಿರಬಹುದಿತ್ತು. ಅಂಥ ಬರಹ ನನಗೆ ಕೈ ತಿರುಗಿದ ಕೆಲಸ. ಆದರೆ ಉತ್ತರದಾಯಿತ್ವವನ್ನು ಎಲ್ಲರಿಂದ ಕೇಳುತ್ತ ತಿರುಗಿದವಳ ಮೇಜಿಗೆ ಅದು ಪ್ಲಾಸ್ಟಿಕ್ ಕವರಿನಲ್ಲಿ ಬಂದು ಕುಳಿತಿತ್ತು.

"ಅವನಲ್ಲ ಜಯಮ್ಮ, ಅವಳು. ಬರೆದದ್ದು ನಾನೇ."

ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು. "ನೀನು ಬಂದಿದ್ದಾ ನಮ್ಮೂರಿಗೆ?"

"ಇಲ್ಲ. ಕಾರ್ಡ್ ನೋಡಿ ಬರೆದೆ."

"ಕಾರ್ಡ್ ನೋಡಿ." ಅವರು ಹಾಳೆಯನ್ನು ಮಡಿಸಿ ಮತ್ತೆ ಕವರಿಗೆ ಹಾಕಿದರು. "ಅಂಗಾರೆ ನನ್ ಮಗಳ ಮದುವೆ ಕಾರ್ಡ್ ಕೊಟ್ಟಿದ್ರೆ ಮೊಮ್ಮಗೀನ ನಾಮಕರಣನೂ ಬರ್ದ್‌ಬುಡ್ತಿದ್ದೆ ಅನ್ನು."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. "ಅದೆಲ್ಲ ಆಮ್ಯಾಕೆ. ಬಾಗ್ಲು ತಗ್ಸಿದೋಳು ನೀನೇ ಅಂದ್ಮೇಲೆ, ಬಂದು ಒಳಗೇನೈತೆ ಏಳು ನಡಿ."

ಅಂದೇ ಅವರ ಜೊತೆ ಹೋದೆ. ಹಸಿರು ಬಣ್ಣದ ಬಾಗಿಲಿಗೆ ಹಾಕಿದ ಬೀಗ ತುಕ್ಕು ಹಿಡಿದಿತ್ತು. ಒಡೆದ ಕಿಟಕಿಯಿಂದ ಇಣುಕಿದೆ. ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಒಂದು ಮೇಜು. ಗೋಡೆಗೆ ಒರಗಿಸಿದ ಗ್ರಾನೈಟ್ ಫಲಕ. ಉದ್ಘಾಟಕರ ಹೆಸರು ಗೋಡೆಯ ಕಡೆ ಮುಖ ಮಾಡಿತ್ತು. ಅದನ್ನು ಯಾರೂ ನೆಟ್ಟೇ ಇರಲಿಲ್ಲ. ನಾನು ನೋಡದೆ ಬರೆದದ್ದನ್ನು ಐದು ವರ್ಷದ ನಂತರ ಮೊದಲ ಸಲ ನೋಡಿದೆ.

ಅಂದು ಸಂಜೆ ಬ್ಲಾಗಿನಲ್ಲಿ ಎಲ್ಲವನ್ನೂ ಬರೆದೆ. ಶೀರ್ಷಿಕೆ: ಈ ಉದ್ಘಾಟನೆ ಮಾಡಿದವಳು ನಾನು. ಮೂರು ತಾಲ್ಲೂಕುಗಳ ಜನ ಅದನ್ನು ಹಂಚಿಕೊಂಡರು. ಅದನ್ನು ಮುದ್ರಿಸಿಕೊಂಡು, ಜಯಮ್ಮನವರ ಜೊತೆ ಅರ್ಜಿಗೆ ಉತ್ತರ ಕೊಟ್ಟಿದ್ದ ಅಧಿಕಾರಿಯ ಬಳಿ ಹೋದೆ. ಆತ ಒರಟು ಮನುಷ್ಯನಲ್ಲ. ಕೂರಿಸಿ, ಓದಿ, ಹಾಳೆಯನ್ನು ಮೆಲ್ಲಗೆ ಹಿಂದಿರುಗಿಸಿದರು.

"ಬ್ಲಾಗನ್ನ ಫೈಲಿಗೆ ಸೇರ್ಸೋಕೆ ಬರಲ್ಲ ಮೇಡಂ. ಯಾರು ಬೇಕಾದ್ರೂ ಬರೀಬಹುದು. ಇಲ್ಲಿ ಪೇಪರ್ ಸುದ್ದಿ ಇದೆ ನೋಡಿ."

"ಆ ಪೇಪರ್ ಸುದ್ದಿ ಬರೆದವಳೂ ನಾನೇ ಸರ್. ಅದು ಸುಳ್ಳು ಅಂತ ಹೇಳ್ತಿರೋಳೂ ನಾನೇ."

"ಸರಿ ಮೇಡಂ. ಆದರೆ ಆಗ ನೀವು ಪೇಪರ್‌ನಲ್ಲಿದ್ರಿ. ಈಗಿಲ್ಲವಲ್ಲ."

ಪತ್ರಿಕೆ ಮತ್ತು ಬ್ಲಾಗುಗಳ ವ್ಯತ್ಯಾಸವನ್ನು ಕುರಿತು ನಾನು ಕೇಳಿದ ಅತ್ಯಂತ ಸ್ಪಷ್ಟವಾದ ಉಪನ್ಯಾಸ ಅದು. ಪತ್ರಿಕೆಯಲ್ಲಿ ಕುಳಿತು ನಾನು ಬರೆದ ಸುಳ್ಳು ದಾಖಲೆಯಾಗಿತ್ತು. ಬ್ಲಾಗಿನಲ್ಲಿ ನಾನು ಬರೆದ ನಿಜ ಬರಿಯ ಅಭಿಪ್ರಾಯವಾಗಿತ್ತು. ಒಬ್ಬಳೇ ಲೇಖಕಿ, ಒಂದೇ ಬಾಗಿಲು. ಹೊರಗೆ ಬಂದಾಗ ಜಯಮ್ಮ, "ಪೇಪರ್‌ನಲ್ಲೇ ತೆಗೆದ ಬಾಗ್ಲು, ಪೇಪರ್‌ನಲ್ಲೇ ಮುಚ್ಬೇಕು ಅಂತಾನೆ. ಅಂಗೇ ಮಾಡ್ಸು. ನಮ್ ಅಸ ಈಯಕ್ಕೆ ಇನ್ನೆರಡು ತಿಂಗ್ಳೈತೆ" ಎಂದರು.

ಹಾಸನಕ್ಕೆ ಹೋದೆ. ಶಿವಶಂಕರಪ್ಪನವರ ಅಂಗಿಯ ಇಸ್ತ್ರಿ ಹಾಗೆಯೇ ಇತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ವಿಷಯ ಕೇಳಿ ಅವರು ನಿಟ್ಟುಸಿರಿಟ್ಟರು.

"ಐದು ವರ್ಷದ ಹಿಂದಿನ ಸುದ್ದಿಗೆ ತಿದ್ದುಪಡಿ ಹಾಕಿದ್ರೆ ಜನ ನಗ್ತಾರೆ. ಒಂದು ಕೆಲಸ ಮಾಡ್ತೀನಿ, ಜಾಲತಾಣದಿಂದ ಅದನ್ನ ತೆಗೆಸಿಬಿಡ್ತೀನಿ. ಐದು ನಿಮಿಷ."

"ಬೇಡ ಸರ್. ತೆಗೆದರೆ ಸುಳ್ಳು ಹೋಗಲ್ಲ, ಸುಳ್ಳಿನ ಸಾಕ್ಷಿ ಹೋಗುತ್ತೆ. ಫೈಲಲ್ಲಿರೋ ಹಾಳೆ ಅಲ್ಲೇ ಇರುತ್ತೆ."

"ನಾಳೆ ಹಳೇ ಸುದ್ದಿಯೆಲ್ಲ ಹಿಡ್ಕೊಂಡು ಊರೂರಿಂದ ಬಂದ್ರೆ?"

"ಬರಲಿ. ನಾವು ಊರೂರಿಗೆ ಹೋಗಿದ್ದರೆ ಅವರು ಬರಬೇಕಾಗಿರಲಿಲ್ಲ."

ಅವರ ಮುಖ ಕೆಂಪಾಯಿತು. "ನಿನಗೆ ಪೆನ್ನು ಹಿಡಿಯೋದು ಕಲಿಸಿದ್ದು ನಾನು."

"ಅದಕ್ಕೇ ಬೇರೆ ಕಡೆ ಹೋಗದೆ ಇಲ್ಲಿಗೆ ಬಂದೆ. ನಿಮ್ಮ ಹೆಸರು, ನನ್ನ ಹೆಸರು, ಎರಡೂ ಹಾಕಿ ತಿದ್ದಿ."

ಅವರು ಕಿವಿಯ ಹಿಂದಿನ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ಕೊನೆಗೆ, "ಇದು ನಿನ್ನ ಒಬ್ಬಳ ಮಾತು. ಎರಡನೇ ಬಾಯಿ ಎಲ್ಲಿದೆ?" ಎಂದರು. ಆ ಊರಲ್ಲಿದೆ, ಬನ್ನಿ ಎಂದೆ. ಬರುವುದಿಲ್ಲ ಎಂದರು.

ಹಾಗಾದರೆ ಬ್ಲಾಗಿನಿಂದ ಏನು ಸಾಧ್ಯವೋ ಅದನ್ನು ಮಾಡೋಣ ಎಂದು ಜಯಮ್ಮನವರ ಊರಿಗೆ ಹೋದೆ. ಡೇರಿಗೆ ಹಾಲು ಹಾಕುವ ಹೆಂಗಸರು ಅವರ ಜಗುಲಿಯಲ್ಲಿ ಸೇರಿ ಒಂದು ತೀರ್ಮಾನಕ್ಕೆ ಬಂದರು. ದಿನವೂ ಬೆಳಿಗ್ಗೆ ಹತ್ತಕ್ಕೆ, ಕಚೇರಿಗಳು ತೆರೆಯುವ ಹೊತ್ತಿಗೆ, ಸರದಿಯಂತೆ ಒಬ್ಬರು ಚಿಕಿತ್ಸಾಲಯದ ಬಾಗಿಲಿನ ಮುಂದೆ ನಿಂತು ಫೋಟೊ ತೆಗೆದು ನನಗೆ ಕಳಿಸಬೇಕು. ನಾನು ಅದನ್ನು ಒಂದೇ ಸಾಲಿನೊಂದಿಗೆ ಪ್ರಕಟಿಸಬೇಕು: ಇಂದೂ ಬಾಗಿಲು ತೆರೆಯಲಿಲ್ಲ. ಪತ್ರಿಕೆಗೆ ಇದು ಸಾಧ್ಯವಿಲ್ಲ. ಒಂದೇ ಬೀಗದ ಚಿತ್ರವನ್ನು ದಿನವೂ ಮುದ್ರಿಸಲು ಅದಕ್ಕೆ ಜಾಗವಿಲ್ಲ. ಬ್ಲಾಗಿಗೆ ಜಾಗದ ಚಿಂತೆಯಿಲ್ಲ, ನಾಚಿಕೆಯೂ ಇಲ್ಲ.

ಮೊದಲ ವಾರ ಅರಕಲಗೂಡಿನ ನಾಗರಾಜ ಮೇಷ್ಟ್ರು ಹಂಚಿಕೊಂಡರು. ಎರಡನೆಯ ವಾರ ಚನ್ನರಾಯಪಟ್ಟಣದವರು ತಮ್ಮ ಊರಿನ ಬೀಗಗಳ ಫೋಟೊ ಕಳಿಸತೊಡಗಿದರು. ಹೆಂಗಸರಲ್ಲಿ ಫೋಟೊಗಾಗಿ ಪೈಪೋಟಿಯೇ ಹುಟ್ಟಿತು. "ನಿನ್ನೆ ಒಳ್ಳೇ ಸೀರೆ ಉಟ್ಕೊಂಡ್ ನಿಂತ್ಕೊಂಡೆ, ಬೀಗದ್ ಫೋಟೊನೇ ದೊಡ್ಡದಾಗ್ ಆಕ್ಬುಟ್ಟಿದ್ದೀಯಲ್ಲವ್ವ" ಎಂದು ಒಬ್ಬರು ದೂರಿದರು. ಕೆಲವರು ಅದೇ ಪುಟದ ಕೆಳಗೆ ಪತ್ರಿಕೆಯ ಹಳೆಯ ವರದಿಯನ್ನು ಅಂಟಿಸಿ, ಸಂಪಾದಕರೇ ಯಾವ ಬಾಗಿಲು ತೆರೆದಿರಿ ಎಂದು ಕೇಳತೊಡಗಿದರು.

ಮೂರನೆಯ ವಾರ ಒಂದು ಬೆಳಿಗ್ಗೆ ಶಿವಶಂಕರಪ್ಪ ಹೇಳದೆ ಕೇಳದೆ ಬಸ್ಸಿನಲ್ಲಿ ಬಂದು ಆ ಊರಿನಲ್ಲಿ ಇಳಿದರು. ಜೊತೆಗೆ ರಂಗೇಗೌಡರು. ಜಯಮ್ಮ ಫೋನು ಮಾಡಿದ್ದರಿಂದ ನಾನೂ ಓಡಿದೆ. ನಾನು ತಲುಪುವಷ್ಟರಲ್ಲಿ ಅವರು ಕಿಟಕಿಯಿಂದ ಇಣುಕಿ, ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಪ್ರತ್ಯೇಕವಾಗಿ ವಿಚಾರಿಸಿ, ಚೀಟಿಯಲ್ಲಿ ಗುರುತು ಹಾಕಿಕೊಂಡಿದ್ದರು. ತಲೆ ಬೆಳ್ಳಗಾದರೂ ವರಸೆ ಮರೆಯದ ವರದಿಗಾರ. ಕೊನೆಗೆ ರಂಗೇಗೌಡರ ಕಡೆ ತಿರುಗಿ, "ನೀನಾದ್ರೂ ಅವತ್ತು ಹೇಳಬಾರ್ದಿತ್ತಾ?" ಎಂದರು.

ರಂಗೇಗೌಡರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. "ಮಾರ್ನೇ ದಿನಾನೇ ಪೋನ್ ಮಾಡಿ ಏಳಿದ್ದೆ ಸಾ. ತಾನಾಗೇ ನಿಜ ಆಯ್ತದೆ ಬುಡು ಅಂದ್ರಂತಲ್ಲ."

ಜಯಮ್ಮ ಮೆಲ್ಲಗೆ, "ಐದು ವರ್ಷ ಕಾದ್ವಿ ಸಾಮಿ. ಆಗ್ನಿಲ್ಲ" ಎಂದರು.

ಶಿವಶಂಕರಪ್ಪ ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು. ಎರಡು ದಿನದ ನಂತರ ತಾಲ್ಲೂಕು ಪುಟದ ನೆತ್ತಿಯ ಮೇಲೆ ಚೌಕಟ್ಟಿನೊಳಗೆ ತಿದ್ದುಪಡಿ ಬಂತು. ಆ ಚಿಕಿತ್ಸಾಲಯ ಉದ್ಘಾಟನೆಯಾಗಿಲ್ಲ. ನಮ್ಮ ವರದಿ ಸಮಾರಂಭಕ್ಕೆ ಹೋಗದೆ ಬರೆದದ್ದು. ಮರುದಿನ ಸತ್ಯ ತಿಳಿದರೂ ತಿದ್ದದೆ ಇದ್ದದ್ದು ಸುದ್ದಿ ಸಂಪಾದಕನಾದ ನನ್ನ ತಪ್ಪು. ಕೆಳಗೆ ಅವರ ಪೂರ್ಣ ಹೆಸರು, ಅದರ ಕೆಳಗೆ ನನ್ನದು. ಜಾಲತಾಣದಲ್ಲಿ ಹಳೆಯ ವರದಿಯನ್ನು ಅಳಿಸಿರಲಿಲ್ಲ. ಅದರ ತಲೆಯ ಮೇಲೆಯೇ ತಿದ್ದುಪಡಿಯನ್ನು ಕೂರಿಸಿದ್ದರು. ನಾನು ಅದನ್ನು ಬಸ್ಸಿನಲ್ಲಿ ನಿಂತುಕೊಂಡೇ ನಾಲ್ಕು ಸಲ ಓದಿದೆ. ಪಕ್ಕದವರು ಏನಮ್ಮ ಲಗ್ನ ಗೊತ್ತಾಯ್ತಾ ಎಂದು ಕೇಳುವಷ್ಟು ನನ್ನ ಮುಖ ಅರಳಿತ್ತು.

ಈಗ ಆ ಹಾಳೆಯನ್ನು ಫೈಲಿಗೆ ಸೇರಿಸದೆ ಇರಲು ಕಚೇರಿಗೆ ದಾರಿ ಉಳಿಯಲಿಲ್ಲ. ಮುದ್ರಿತ ಸುದ್ದಿಯಿಂದ ಮುಚ್ಚಿದ ಫೈಲನ್ನು ಮುದ್ರಿತ ಸುದ್ದಿಯೇ ತೆರೆಯಿತು. ಬ್ಲಾಗಿನ ಅಷ್ಟೂ ಫೋಟೊಗಳಿಂದ ಆಗದ ಕೆಲಸವನ್ನು ಪತ್ರಿಕೆಯ ಒಂದು ಚೌಕಟ್ಟು ಮಾಡಿತು. ಆದರೆ ಆ ಫೋಟೊಗಳಿಲ್ಲದಿದ್ದರೆ ಆ ಚೌಕಟ್ಟು ಎಂದೂ ಬರುತ್ತಿರಲಿಲ್ಲ. ವಿದ್ಯಾರ್ಥಿಗಳ ಪ್ರಶ್ನೆಗೆ ನನ್ನ ಉತ್ತರ ಇದು: ಪತ್ರಿಕೆಗೆ ತೂಕವಿದೆ, ಬ್ಲಾಗಿಗೆ ಹಟವಿದೆ; ನಂಬಿಕೆ ಎರಡರ ಸ್ವತ್ತೂ ಅಲ್ಲ. ಯಾವುದು ತನ್ನ ತಪ್ಪನ್ನು ತನ್ನ ಹೆಸರಿನಲ್ಲಿ, ತಪ್ಪು ನಡೆದ ಜಾಗದಲ್ಲೇ ಒಪ್ಪಿಕೊಳ್ಳುತ್ತದೋ ಅದನ್ನು ನಂಬಿ. ಒಪ್ಪಿಕೊಳ್ಳದಿದ್ದರೆ ಬಾಗಿಲು ತಟ್ಟಿ. ಮತ್ತೆ ತಟ್ಟಿ.

ಅಧಿಕಾರಿ ಜಯಮ್ಮನವರನ್ನು ಕರೆಸಿದರು, ನಾನೂ ಜೊತೆಗೆ ಹೋದೆ. ವೈದ್ಯರ ನೇಮಕವಾಗಿದೆ, ಆದರೆ ಪದ್ಧತಿಯ ಪ್ರಕಾರ ಉದ್ಘಾಟನಾ ಸಮಾರಂಭ ಆಗಬೇಕು, ಗಣ್ಯರ ದಿನಾಂಕ ಸಿಗಲು ಸ್ವಲ್ಪ ಸಮಯ ಹಿಡಿಯುತ್ತದೆ ಎಂದರು. ಜಯಮ್ಮ ಕುರ್ಚಿಯಿಂದ ಎದ್ದರು.

"ಅರ್ಸೋದ್ಗಾರ ಎಲ್ಲಾ ಆವತ್ತೇ ಆಗೋಗೈತೆ ಸಾ, ಪೇಪರ್‌ನಲ್ಲಿ. ನಮ್ಗೆ ಈಗ ಡಾಕ್ಟ್ರು ಬಂದ್ರೆ ಸಾಕು."

ಅಧಿಕಾರಿ ನನ್ನ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಕಾರ್ಡು ಅಚ್ಚಾಗಲಿಲ್ಲ.

ಮುಂದಿನ ಸೋಮವಾರ ಬೆಳಿಗ್ಗೆ ತರುಣ ವೈದ್ಯೆಯೊಬ್ಬರು ಸ್ಕೂಟರಿನಲ್ಲಿ ಬಂದರು. ಬೀಗ ತೆರೆಯಲಿಲ್ಲ, ಊರಿನವರು ಸುತ್ತಿಗೆಯಿಂದ ಒಡೆದರು. ಹೆಂಗಸರು ಒಳಗೆ ಗುಡಿಸಿ, ಮೇಜಿನ ಪ್ಲಾಸ್ಟಿಕ್ ಕಿತ್ತುಹಾಕಿದರು. ಶಿವಶಂಕರಪ್ಪ ಅಂಗಳದಲ್ಲಿ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದರು, ನಾನು ಅವರ ಪಕ್ಕದಲ್ಲಿ. ಜಯಮ್ಮ ತುಂಬು ಗಬ್ಬದ ಹಸುವನ್ನು ಹಗ್ಗ ಹಿಡಿದು ನಡೆಸಿಕೊಂಡು ಬಂದರು. ವೈದ್ಯೆ ಕೈಗವಸು ಹಾಕಿಕೊಂಡು ಪರೀಕ್ಷಿಸಿ, ಕರು ಸರಿಯಾಗಿ ತಿರುಗಿದೆ, ನೋವು ಕಾಣಿಸಿದ ಕೂಡಲೇ ನನ್ನನ್ನು ಕರೆಯಿರಿ, ನಡೆದೇ ಬರುತ್ತೇನೆ ಎಂದರು.

ನಾನು ಮೊಬೈಲಿನಲ್ಲಿ ಎರಡು ಸಾಲು ಬರೆದೆ. ಶಿವಶಂಕರಪ್ಪ ಕನ್ನಡಕ ಸರಿಪಡಿಸಿಕೊಂಡು ಓದಿ, ಒಂದು ವಿಶೇಷಣ ಹೊಡೆದುಹಾಕಿಸಿ, ಅದೇ ಎರಡು ಸಾಲನ್ನು ತಮ್ಮ ಕಚೇರಿಗೂ ಕಳಿಸಲು ಚೀಟಿಯಲ್ಲಿ ಬರೆದುಕೊಂಡರು. ಪತ್ರಿಕೆಯ ಜಾಲತಾಣದಲ್ಲೂ ಬ್ಲಾಗಿನಲ್ಲೂ ಒಂದೇ ಸುದ್ದಿ, ಒಂದಕ್ಷರವೂ ತಪ್ಪದೆ ಪ್ರಕಟವಾದದ್ದು ಅದೊಂದೇ ದಿನ.

"ಏನಂತ ಬರ್ದೆ, ಓದು" ಎಂದರು ಜಯಮ್ಮ.

ಓದಿದೆ. "ಪಶು ಚಿಕಿತ್ಸಾಲಯದ ಬಾಗಿಲನ್ನು ಇಂದು ಬೆಳಿಗ್ಗೆ ಬೀಗ ಒಡೆದು ತೆರೆಯಲಾಯಿತು. ಮೊದಲು ತಪಾಸಣೆಯಾದದ್ದು ಜಯಮ್ಮನವರ ಹಸು."

ಅವರು ಒಡೆದ ಬೀಗವನ್ನೂ, ತೆರೆದ ಬಾಗಿಲನ್ನೂ, ತಮ್ಮ ಹಸುವನ್ನೂ ಒಂದೊಂದಾಗಿ ನೋಡಿದರು, ಪಟ್ಟಿಯಲ್ಲಿರುವುದೆಲ್ಲ ಬಂದಿದೆಯೇ ಎಂದು ಸರಿನೋಡುವವರ ಹಾಗೆ.

"ಎಲ್ಲಾ ಐತೆ. ಆಕು" ಎಂದರು.